ಹರಡಿದ ಸ್ತನ ಕ್ಯಾನ್ಸರ್: ಪೂರ್ತಿ ಗುಣವಾಗದ ಕಾಯಿಲೆಗೂ ಚಿಕಿತ್ಸೆ ಉಂಟು

"ಡಾಕ್ಟರ್ ಆಪಾ, ನಮ್ಮ ಖಾಲಾಗೆ ಕ್ಯಾನ್ಸರ್ ಮೂಳೆಗೆ ಹೋಗಿದೆಯಂತೆ. ಇನ್ನು ಆಸ್ಪತ್ರೆ ಸಾಕು, ನಿಮ್ಮ ಯುನಾನಿ ಔಷಧವನ್ನೇ ಕೊಡಿಸೋಣ ಅಂತ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೇವೆ."

ಇಂಥ ಮಾತು ನನ್ನ ದವಾಖಾನೆಯಲ್ಲಿ ವರ್ಷಕ್ಕೆ ಹಲವು ಸಲ ಕೇಳಿಬರುತ್ತದೆ. ಮೊದಲು ನಾನು "ಆಸ್ಪತ್ರೆ ಬಿಡಬೇಡಿ" ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಎರಡು ವರ್ಷಗಳಿಂದ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದೇನೆ: "ನನಗೂ ಅದೇ ಕಾಯಿಲೆ ಇದೆ. ನನಗೂ ಅದು ಮೂಳೆಗೆ ಹೋಗಿದೆ. ನಾನೂ ಆಸ್ಪತ್ರೆಗೇ ಹೋಗುತ್ತಿದ್ದೇನೆ."

ಪ್ರಿಯ ಸಹೋದರಿಯರೇ, ಸಹೋದರರೇ, ಈ ತಿಂಗಳ ಪಾಠವನ್ನು ವೈದ್ಯೆಯಾಗಿಯೂ ರೋಗಿಯಾಗಿಯೂ ಬರೆಯುತ್ತಿದ್ದೇನೆ. ಅನುಕಂಪ ಗಿಟ್ಟಿಸಲು ಅಲ್ಲ. ನಾನು ಮಾಡಿದ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ ಎಂದು.

ನಾನು ಮಾಡಿದ ತಪ್ಪು

ಎಂಟು ವರ್ಷಗಳ ಹಿಂದೆ ನನ್ನ ಎಡ ಸ್ತನದಲ್ಲಿ ಗಂಟು ಕಾಣಿಸಿತು. ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ರೇಡಿಯೇಷನ್ ಎಲ್ಲವೂ ಆದವು. ಆಮೇಲೆ ಐದು ವರ್ಷ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡೆ. ಅಲ್‌ಹಮ್ದುಲಿಲ್ಲಾಹ್, ಎಲ್ಲ ಮುಗಿಯಿತು ಎಂದುಕೊಂಡೆ.

ಆರನೆಯ ವರ್ಷ ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾಯಿತು. ದಿನವಿಡೀ ಕುರ್ಚಿಯಲ್ಲಿ ಕೂರುವವಳಿಗೆ ಬೆನ್ನು ನೋಯುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ರೋಗನ್ ಹಚ್ಚಿ ತಿಕ್ಕಿಸಿಕೊಂಡೆ. ಗೆಳತಿಯೊಬ್ಬರಿಂದ ಬೆನ್ನಿಗೆ ಹಿಜಾಮ ಮಾಡಿಸಿಕೊಂಡೆ. ಎರಡು ದಿನ ಹಗುರವೆನಿಸುತ್ತಿತ್ತು, ಮತ್ತೆ ನೋವು. ಹಗಲಿಗಿಂತ ರಾತ್ರಿ ಹೆಚ್ಚು. ಮಲಗಿದರೂ ಕಡಿಮೆಯಾಗದು. ತಹಜ್ಜುದ್ ವೇಳೆಗೆ ಏಳುವುದಲ್ಲ, ನೋವಿನಿಂದಲೇ ಎಚ್ಚರವಾಗುತ್ತಿತ್ತು. ಇಂಥ ನೋವು ಬೇರೆ ಹೆಂಗಸೊಬ್ಬರಿಗೆ ಬಂದಿದ್ದರೆ "ಹಿಂದೆ ಕ್ಯಾನ್ಸರ್ ಆಗಿತ್ತೇ?" ಎಂದು ಮೊದಲು ಕೇಳುತ್ತಿದ್ದೆ. ನನ್ನನ್ನೇ ಕೇಳಿಕೊಳ್ಳಲು ಮೂರು ತಿಂಗಳು ಬೇಕಾಯಿತು. ಅಜ್ಞಾನದಿಂದಲ್ಲ, ಹೆದರಿಕೆಯಿಂದ.

ಸ್ಕ್ಯಾನ್ ಮಾಡಿದಾಗ ಬೆನ್ನೆಲುಬಿನ ಎರಡು ಮಣಿಗಳಲ್ಲೂ ಸೊಂಟದ ಮೂಳೆಯಲ್ಲೂ ಕಾಯಿಲೆ ಕಾಣಿಸಿತು. ಕ್ಯಾನ್ಸರ್ ಹೊಕ್ಕ ಮೂಳೆ ಒಳಗೊಳಗೇ ಸವೆದಿರುತ್ತದೆ. ಅದರ ಮೇಲೆ ಬಲವಾಗಿ ಒತ್ತಿದರೆ, ತಿಕ್ಕಿದರೆ ಮುರಿಯಬಹುದು. ನನ್ನ ಬೆನ್ನು ಮುರಿಯದೆ ಉಳಿದದ್ದು ಅಲ್ಲಾಹನ ಕರುಣೆ, ನನ್ನ ಜಾಣತನವಲ್ಲ.

ಆದ್ದರಿಂದ ಮೊದಲ ಪಾಠ ಇದು. ಸ್ತನ ಕ್ಯಾನ್ಸರ್ ಆಗಿ ಹೋದವರಿಗೆ, ಹತ್ತು ವರ್ಷ ಕಳೆದಿದ್ದರೂ, ಎರಡು ಮೂರು ವಾರ ಬಿಡದ ಬೆನ್ನುನೋವು, ಪಕ್ಕೆನೋವು, ಒಣಕೆಮ್ಮು, ಉಬ್ಬಸ, ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಹೊಸದಾಗಿ ಶುರುವಾದ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಮೊದಲು ಕ್ಯಾನ್ಸರ್ ವೈದ್ಯರಿಗೆ ತೋರಿಸಬೇಕು. ಮಾಲೀಸು, ಹಿಜಾಮ, ಕಷಾಯ ಆಮೇಲಿನ ಮಾತು. ಎಲ್ಲ ಬೆನ್ನುನೋವೂ ಕ್ಯಾನ್ಸರ್ ಅಲ್ಲ. ಆದರೆ ಅಲ್ಲವೆಂದು ಪರೀಕ್ಷೆ ಹೇಳಬೇಕೇ ಹೊರತು ನಾವಲ್ಲ.

ಹರಡುವುದು ಎಂದರೇನು?

ಸ್ತನದ ಗಂಟಿನಿಂದ ಕೆಲವು ಜೀವಕೋಶಗಳು ರಕ್ತದ ಅಥವಾ ದುಗ್ಧನಾಳಗಳ ಮೂಲಕ ಹೊರಟು ದೇಹದ ಇನ್ನೊಂದು ಕಡೆ ನೆಲೆ ನಿಲ್ಲುತ್ತವೆ. ಹೆಚ್ಚಾಗಿ ಮೂಳೆ, ಶ್ವಾಸಕೋಶ, ಯಕೃತ್ತು ಮತ್ತು ಮೆದುಳಿನಲ್ಲಿ. ಇದನ್ನೇ ವೈದ್ಯರು ನಾಲ್ಕನೆಯ ಹಂತ ಅಥವಾ ಮೆಟಾಸ್ಟಾಟಿಕ್ ಎನ್ನುತ್ತಾರೆ. ಕೆಲವರಲ್ಲಿ ಕಾಯಿಲೆ ಮೊದಲ ಸಲ ಪತ್ತೆಯಾಗುವಾಗಲೇ ಹರಡಿರುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಏಳುತ್ತದೆ.

ಮೂಳೆಗೆ ಹೋದರೂ ಅದು ಮೂಳೆಯ ಕ್ಯಾನ್ಸರ್ ಅಲ್ಲ, ಸ್ತನ ಕ್ಯಾನ್ಸರೇ. ಔಷಧವೂ ಸ್ತನ ಕ್ಯಾನ್ಸರಿನದೇ. ಹೊಸ ಜಾಗದಿಂದ ಒಂದು ಚೂರು ತೆಗೆದು ಮತ್ತೆ ಬಯಾಪ್ಸಿ ಮಾಡುವುದುಂಟು, ಏಕೆಂದರೆ ಕಾಯಿಲೆಯ ಗುಣ ಮೊದಲಿನಂತೆಯೇ ಇರಬೇಕೆಂದಿಲ್ಲ. ಹಾರ್ಮೋನಿನಿಂದ ಬೆಳೆಯುವ ಬಗೆಯೇ, ಹರ್-2 ಎಂಬ ಪ್ರೋಟೀನ್ ಇರುವ ಬಗೆಯೇ, ಇವೆರಡೂ ಇಲ್ಲದ ಬಗೆಯೇ ಎಂದು ತಿಳಿದ ಮೇಲೆ ಔಷಧ ತೀರ್ಮಾನವಾಗುತ್ತದೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಭಯಕ್ಕೆ ಬಯಾಪ್ಸಿ ತಪ್ಪಿಸಬೇಡಿ. ಬಗೆ ತಿಳಿಯದೆ ಕೊಡುವ ಔಷಧ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಇದರ ಗುರಿ ಬೇರೆ

ನನ್ನ ಕ್ಯಾನ್ಸರ್ ವೈದ್ಯೆ ಮೊದಲ ದಿನವೇ ನೇರವಾಗಿ ಹೇಳಿದರು: "ಇದನ್ನು ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ಆದರೆ ಹಿಡಿದಿಡಲು ಆಗುತ್ತದೆ." ಆ ರಾತ್ರಿ ಮೊದಲ ವಾಕ್ಯವೊಂದೇ ನನ್ನ ಕಿವಿಯಲ್ಲಿತ್ತು. ಎರಡನೆಯ ವಾಕ್ಯದ ಬೆಲೆ ತಿಳಿಯಲು ಕೆಲವು ತಿಂಗಳು ಹಿಡಿಯಿತು.

ಸಕ್ಕರೆ ಕಾಯಿಲೆಯನ್ನು ನಾವು ಗುಣಪಡಿಸುವುದಿಲ್ಲ, ಹಿಡಿತದಲ್ಲಿಡುತ್ತೇವೆ. ಆದರೂ ಯಾರೂ "ಇನ್ನೇಕೆ ಔಷಧ" ಎನ್ನುವುದಿಲ್ಲ. ಹರಡಿದ ಸ್ತನ ಕ್ಯಾನ್ಸರ್ ಅದಕ್ಕಿಂತ ಬಹಳ ಗಂಭೀರವಾದ ಕಾಯಿಲೆ, ನಿಜ. ಆದರೂ ಚಿಕಿತ್ಸೆಯ ಗುರಿ ಹಾಗೆಯೇ: ಕಾಯಿಲೆಯನ್ನು ತಡೆಹಿಡಿಯುವುದು, ನೋವು ಇಳಿಸುವುದು, ಇರುವ ದಿನಗಳನ್ನು ಹೆಚ್ಚಿಸುವುದು, ಆ ದಿನಗಳು ಹಾಸಿಗೆಯಲ್ಲೇ ಕಳೆಯದಂತೆ ನೋಡಿಕೊಳ್ಳುವುದು. ಕೆಲವರಿಗೆ ಕಾಲ ಕಡಿಮೆ ಸಿಗುತ್ತದೆ, ಕೆಲವರು ಹಲವು ವರ್ಷ ಬಾಳುತ್ತಾರೆ. ಒಂದು ಔಷಧ ಕೆಲಸ ನಿಲ್ಲಿಸಿದರೆ ಇನ್ನೊಂದಕ್ಕೆ ಬದಲಾಯಿಸುತ್ತಾರೆ.

ನನ್ನದು ಹಾರ್ಮೋನಿನಿಂದ ಬೆಳೆಯುವ ಬಗೆ. ಅಂಡಾಶಯದ ಕೆಲಸ ನಿಲ್ಲಿಸುವ ಚುಚ್ಚುಮದ್ದು, ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಅದರ ಜೊತೆ 21 ದಿನ ತಿಂದು 7 ದಿನ ಬಿಡುವ ಇನ್ನೊಂದು ಮಾತ್ರೆ, ಮೂಳೆ ಗಟ್ಟಿಗೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್. ಬೆನ್ನಿಗೆ ಕೆಲವು ದಿನ ರೇಡಿಯೇಷನ್ ಕೊಟ್ಟರು, ನೋವು ಬಹಳ ಇಳಿಯಿತು. ಈಗ ವಾರದಲ್ಲಿ ನಾಲ್ಕು ದಿನ ದವಾಖಾನೆಯಲ್ಲಿ ಕೂರುತ್ತೇನೆ. ಸುಸ್ತು ಇದೆ, ಕೀಲು ಹಿಡಿಯುತ್ತದೆ. ಸ್ಕ್ಯಾನ್ ಹತ್ತಿರ ಬಂದ ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಆದರೂ ಬೆಳಗ್ಗೆ ಮಗಳ ಜಡೆ ಹೆಣೆಯುತ್ತೇನೆ. ಎರಡು ವರ್ಷದ ಹಿಂದೆ "ಇನ್ನು ಮುಗಿಯಿತು" ಎಂದು ಚಿಕಿತ್ಸೆ ಬಿಟ್ಟಿದ್ದರೆ ಈ ಬೆಳಗುಗಳು ಬಹುಶಃ ನನಗೆ ಸಿಗುತ್ತಿರಲಿಲ್ಲ.

ಯುನಾನಿ ಏನು ಮಾಡಬಲ್ಲದು, ಏನು ಮಾಡಲಾರದು

ನಮ್ಮ ಯುನಾನಿ ಗ್ರಂಥಗಳಲ್ಲಿ ಕ್ಯಾನ್ಸರಿಗೆ "ಸರ್ತಾನ್" ಎನ್ನುತ್ತಾರೆ, ಏಡಿ ಎಂದರ್ಥ. ಸಾವಿರ ವರ್ಷಗಳ ಹಿಂದೆ ಅಂದಲೂಸಿಯಾದಲ್ಲಿ ಬಾಳಿದ ಮಹಾನ್ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ "ಅತ್ತಸ್ರೀಫ್" ಗ್ರಂಥದಲ್ಲಿ ಸ್ತನದ ಸರ್ತಾನ್ ಬಗ್ಗೆಯೂ ಬರೆದಿದ್ದಾರೆ. ಗಂಟು ಚಿಕ್ಕದಿದ್ದು ಪೂರ್ತಿ ತೆಗೆಯಲು ಸಾಧ್ಯವಿದ್ದರೆ ತೆಗೆಯಿರಿ ಎಂದರು. ಹಳೆಯದಾಗಿ ದೊಡ್ಡದಾದದ್ದನ್ನು ತಾವು ಗುಣಪಡಿಸಿಲ್ಲ, ಗುಣಪಡಿಸಿದವರನ್ನು ಕಂಡೂ ಇಲ್ಲ ಎಂದು ಒಪ್ಪಿಕೊಂಡರು. ಅಷ್ಟು ದೊಡ್ಡ ಹಕೀಮರು ತಮ್ಮ ಮಿತಿಯನ್ನು ಬರೆದಿಟ್ಟಿರುವಾಗ ಇಂದು "ನಾಲ್ಕನೆಯ ಹಂತವನ್ನೂ ನಲವತ್ತು ದಿನದಲ್ಲಿ ಗುಣಪಡಿಸುತ್ತೇನೆ" ಎನ್ನುವವರ ಮಾತು ನಂಬಬಹುದೇ?

ಕಲೋಂಜಿ ಮತ್ತು ಜೇನಿನ ಬಗ್ಗೆ ಪ್ರವಾದಿ(ಸ)ರ ಮಾತುಗಳಿವೆ. ನಾವು ಅವನ್ನು ಗೌರವಿಸುತ್ತೇವೆ, ಬಳಸುತ್ತೇವೆ. ಆದರೆ ಅಲ್ಲಾಹನು ಪ್ರತಿ ಕಾಯಿಲೆಗೂ ಔಷಧವನ್ನು ಇಟ್ಟಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದವರೂ ಅದೇ ಪ್ರವಾದಿ(ಸ). ಆಸ್ಪತ್ರೆಯ ಔಷಧವೂ ಅಲ್ಲಾಹನು ತೋರಿಸಿದ್ದೇ. ಅದನ್ನು ಬಿಟ್ಟು ಕಲೋಂಜಿ ಒಂದನ್ನೇ ಹಿಡಿಯುವುದು ತವಕ್ಕುಲ್ ಅಲ್ಲ.

ನಾನು ಯುನಾನಿ ವೈದ್ಯೆಯಾಗಿ ಹೇಳುವುದಿಷ್ಟು. ಬಾಯಿ ಹುಣ್ಣು, ಹಸಿವಿಲ್ಲದಿರುವುದು, ನಿದ್ದೆಗೇಡು, ಮನಸ್ಸಿನ ಕುಗ್ಗುವಿಕೆ ಇಂಥವಕ್ಕೆ ಆಹಾರ ಕ್ರಮದಿಂದಲೂ ಸೌಮ್ಯ ಔಷಧಗಳಿಂದಲೂ ನೆರವಾಗಬಹುದು. ಅದೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ. ಈ ಎಚ್ಚರಿಕೆಗಳು ಇರಲಿ:

• ಲೋಹದ ಕುಶ್ತಾಗಳು ಬೇಡ. ಯಕೃತ್ತು, ಮೂತ್ರಪಿಂಡಗಳ ಮೇಲೆ ಆಗಲೇ ಔಷಧಗಳ ಭಾರವಿರುತ್ತದೆ.
• ಅಡುಗೆಯಲ್ಲಿ ಹಾಕುವ ಅರಿಶಿನ, ಕಲೋಂಜಿಗೆ ಅಡ್ಡಿಯಿಲ್ಲ. ಅವನ್ನೇ ಕ್ಯಾಪ್ಸೂಲ್ ಮಾಡಿ ಹೆಚ್ಚಿನ ಪ್ರಮಾಣದಲ್ಲಿ ತಿನ್ನುವಾಗ ವೈದ್ಯರನ್ನು ಕೇಳಬೇಕು.
• ಗ್ರೇಪ್‌ಫ್ರೂಟ್, ಅದರ ಜಾತಿಯ ಚಕ್ಕೋತ ಕೆಲವು ಕ್ಯಾನ್ಸರ್ ಮಾತ್ರೆಗಳ ಜೊತೆ ಆಗುವುದಿಲ್ಲ.
• ಕಿಮೋಥೆರಪಿ ನಡೆಯುವಾಗ ಬಿಳಿ ರಕ್ತಕಣ ಕಡಿಮೆಯಿದ್ದರೆ ಹಿಜಾಮದ ಗಾಯ ಸೋಂಕಿಗೆ ದಾರಿಯಾಗುತ್ತದೆ. ಕಾಯಿಲೆ ಇರುವ ಮೂಳೆಯ ಮೇಲೂ ಶಸ್ತ್ರಚಿಕಿತ್ಸೆಯಾದ ಕಡೆಯ ಕೈ ಮೇಲೂ ಹಿಜಾಮ ಬೇಡವೇ ಬೇಡ.

ಊಟ ಮತ್ತು ಶುಚಿತ್ವ

ಕಾಯಿಲೆಯನ್ನು ಉಪವಾಸ ಕೆಡವಿ ಕೊಲ್ಲಬಹುದು ಎಂಬ ಮಾತು ಕೇಳಿ ಅನ್ನ ಬಿಟ್ಟವರನ್ನು ಕಂಡಿದ್ದೇನೆ. ಸೊರಗುವುದು ಕಾಯಿಲೆಯಲ್ಲ, ರೋಗಿ. ಮೊಟ್ಟೆ, ಬೇಳೆ, ಮೀನು, ಚೆನ್ನಾಗಿ ಬೆಂದ ಮಾಂಸ, ಮೊಸರು ಇವನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಿ. ಏನೂ ಸೇರದ ದಿನಗಳಲ್ಲಿ ನನಗೆ ಆಸರೆಯಾದದ್ದು ತಲ್ಬೀನ. ಜವೆಗೋಧಿ ಹಿಟ್ಟನ್ನು ತೆಳ್ಳಗೆ ಹಾಲಿನಲ್ಲಿ ಕುದಿಸಿ ಸ್ವಲ್ಪ ಜೇನು ಬೆರೆಸಿದರೆ ಆಯಿತು. ರೋಗಿಗೂ ದುಃಖದಲ್ಲಿರುವವರಿಗೂ ಹಝ್ರತ್ ಆಯಿಶಾ(ರ) ಇದನ್ನೇ ಮಾಡಿಸುತ್ತಿದ್ದರು.

ಮೂಳೆಯ ಡ್ರಿಪ್ ಶುರುವಾಗುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಆಗಲೇ ಕೀಳಿಸಿ. ಆಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆ ಮಾಯದೆ ಉಳಿಯುವ ಅಪಾಯವಿದೆ. ಮಿಸ್ವಾಕ್ ಸುನ್ನತ್, ಆದರೆ ಬಾಯಿ ಹುಣ್ಣಾಗಿರುವಾಗ ಮೃದುವಾದ ಬ್ರಷ್ ಸಾಕು.

ಕ್ಯಾನ್ಸರ್ ಅಂಟುಜಾಡ್ಯವಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ ಬೇಕಿಲ್ಲ. ಕಿಮೋಥೆರಪಿ ಕೊಟ್ಟ ಎರಡು ದಿನ ಮಾತ್ರ ಔಷಧದ ಅಂಶ ಮೂತ್ರ, ವಾಂತಿಯಲ್ಲಿ ಹೊರಬರುತ್ತದೆ. ಆಗ ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ. ಬಟ್ಟೆಗೆ ತಾಗಿದ್ದರೆ ಕೈಗವಸು ತೊಟ್ಟು ಬೇರೆಯಾಗಿ ಒಗೆಯಿರಿ.

ಇಬಾದತ್ ಭಾರವಲ್ಲ

ಮೊದಮೊದಲು ನಾನು ಹಟಕ್ಕೆ ಬಿದ್ದು ನಿಂತೇ ನಮಾಝ್ ಮಾಡುತ್ತಿದ್ದೆ. ಸುಜೂದಿನಿಂದ ಏಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ನನ್ನ ಅಮ್ಮಿ ಕುರ್ಚಿ ತಂದಿಟ್ಟು, "ಬೇಟಾ, ಅಲ್ಲಾಹ್ ಕೊಟ್ಟ ಸೌಲಭ್ಯವನ್ನು ಬೇಡವೆನ್ನಬೇಡ" ಎಂದರು. ಕಾಯಿಲೆಯಿದ್ದ ಸಹಾಬಿಯೊಬ್ಬರಿಗೆ ಪ್ರವಾದಿ(ಸ) ನಿಂತು ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಪಕ್ಕಕ್ಕೆ ಮಲಗಿ ಮಾಡು ಎಂದು ಕಲಿಸಿದ್ದನ್ನು ನಾನೇ ಎಷ್ಟೋ ಮಂದಿಗೆ ಹೇಳಿದ್ದೆ. ನನಗೆ ಅನ್ವಯಿಸಿಕೊಂಡಿರಲಿಲ್ಲ. ನೀರು ಬಳಸುವುದು ಹಾನಿಕರವಾದಾಗ ತಯಮ್ಮುಮ್ ಇದೆ.

ರಮಝಾನಿನ ಉಪವಾಸದ ವಿಷಯದಲ್ಲಿ ಕ್ಯಾನ್ಸರ್ ವೈದ್ಯರ ಮಾತನ್ನೂ ಆಲಿಮರ ಮಾತನ್ನೂ ಎರಡನ್ನೂ ಕೇಳಿ. ಕುರ್‌ಆನ್ ರೋಗಿಗೆ ವಿನಾಯಿತಿ ಕೊಟ್ಟಿದೆ. ಮುಂದೆ ಉಪವಾಸ ಹಿಡಿಯುವ ಶಕ್ತಿ ಬರುವ ನಿರೀಕ್ಷೆಯಿಲ್ಲದವರಿಗೆ ದಿನಕ್ಕೊಬ್ಬ ಬಡವರಿಗೆ ಉಣಿಸುವ ಫಿದ್ಯ ಇದೆ. ಮಾತ್ರೆಯ ಹೊತ್ತು ನೀವೇ ಬದಲಾಯಿಸಿಕೊಂಡು ಉಪವಾಸ ಹಿಡಿಯಬೇಡಿ.

ನೋವನ್ನು ಸಹಿಸುವುದೇ ಸಬ್ರ್ ಅಲ್ಲ

ಮಾರ್ಫಿನ್ ಎಂದರೆ ನಮ್ಮ ಮನೆಗಳಲ್ಲಿ ಎರಡು ಹೆದರಿಕೆ: "ನಶೆಯಲ್ಲವೇ? ಹರಾಮ್ ಅಲ್ಲವೇ?", "ಕೊನೆಗಾಲಕ್ಕೆ ಕೊಡುವುದಲ್ಲವೇ?" ತೀವ್ರ ನೋವಿಗೆ ವೈದ್ಯರು ಅಳತೆ ಮಾಡಿ ಕೊಡುವ ಮಾರ್ಫಿನ್ ಔಷಧ, ನಶೆಗಾಗಿ ಸೇವಿಸುವುದಲ್ಲ. ಶರೀಅತ್‌ನಲ್ಲಿ ಅನಿವಾರ್ಯತೆಗೆ ಅವಕಾಶವಿದೆ. ಅದು ಕೊನೆಗಾಲದ ಗುರುತೂ ಅಲ್ಲ. ನೋವು ಇಳಿದಾಗ ಪ್ರಮಾಣ ಇಳಿಸುವುದೂ ಉಂಟು. ಅದರಿಂದ ಮಲಬದ್ಧತೆ ಆಗುತ್ತದೆ, ಅದಕ್ಕೆ ವೈದ್ಯರು ಮೊದಲ ದಿನದಿಂದಲೇ ಔಷಧ ಕೊಡುತ್ತಾರೆ. ಈ ಬಗೆಯ ಮಲಬದ್ಧತೆಗೆ ಇಸಬ್‌ಗೋಲ್ ಸರಿಯಾದ ಔಷಧವಲ್ಲ.

ಪ್ರವಾದಿ ಅಯ್ಯೂಬ್(ಅ) ಸಬ್ರ್‌ಗೆ ಮಾದರಿ. ಅವರೂ ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು. ನಾವು ವೈದ್ಯರ ಮುಂದೆ ನೋವು ಹೇಳಿಕೊಂಡರೆ ಸಬ್ರ್ ಕೆಡುವುದಿಲ್ಲ.

ನೋವು ಇಳಿಸುವ, ಕಾಯಿಲೆಯ ಕಷ್ಟ ತಗ್ಗಿಸುವ ಈ ಶುಶ್ರೂಷೆಗೆ ಪ್ಯಾಲಿಯೇಟಿವ್ ಆರೈಕೆ ಎನ್ನುತ್ತಾರೆ. ಅದನ್ನು ಚಿಕಿತ್ಸೆ ನಡೆಯುತ್ತಿರುವಾಗಲೇ ಪಡೆಯಬಹುದು. ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆ ಈ ಆರೈಕೆಯೂ ಸಿಗುತ್ತದೆ. ಕರುಣಾಶ್ರಯದಲ್ಲಿ ಗುಣವಾಗದ ಹಂತದ ರೋಗಿಗಳನ್ನು ಜಾತಿ, ಧರ್ಮ ನೋಡದೆ ಉಚಿತವಾಗಿ ನೋಡಿಕೊಳ್ಳುತ್ತಾರೆ. ಖರ್ಚಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಝಕಾತ್ ಕೊಡುವವರಿಗೂ ಒಂದು ಮಾತು: ಬಡ ರೋಗಿಗೆ ಔಷಧದ ಹಣ ತಿಂಗಳು ತಿಂಗಳೂ ಬೇಕು, ರಮಝಾನಿನಲ್ಲಿ ಮಾತ್ರವಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಇದನ್ನು ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ನಮ್ಮ ಮನೆಯಲ್ಲೂ ಅಂಟಿಸಿದ್ದೇವೆ.

• ಕಾಲುಗಳಲ್ಲಿ ಹಠಾತ್ ಬಲಹೀನತೆ, ಜೋಮು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು. ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಗಂಟೆಗಳು ಮುಖ್ಯ. ತಡವಾದರೆ ಕಾಲಿನ ಶಕ್ತಿ ಮರಳದಿರಬಹುದು.
• ಕಿಮೋಥೆರಪಿ ಅಥವಾ ರಕ್ತಕಣ ಇಳಿಸುವ ಮಾತ್ರೆ ನಡೆಯುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ. ರಾತ್ರಿಯಾದರೂ ಹೊರಡಿ, ಬೆಳಗಿಗೆ ಕಾಯಬೇಡಿ.
• ಅತಿಯಾದ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಪರು, ತಡಬಡ ಮಾತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು.
• ಉಸಿರಾಟದ ಕಷ್ಟ. ಒಂದೇ ಕಾಲು ಊದಿಕೊಳ್ಳುವುದು.
• ತೀವ್ರ ತಲೆನೋವಿನ ಜೊತೆ ವಾಂತಿ, ಫಿಟ್ಸ್, ದೃಷ್ಟಿ ಮಂಜಾಗುವುದು.

ಮನೆಯವರಿಗೆ

ಹೆಚ್ಚಿನ ಮನೆಗಳಲ್ಲಿ ರೋಗಿಗೆ ಹೇಳುವುದೇ ಇಲ್ಲ. "ಗಡ್ಡೆ ಇದೆ, ಗುಣವಾಗುತ್ತದೆ" ಎನ್ನುತ್ತಾರೆ. ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ನಿಜ. ಆದರೆ ನಾನು ಕಂಡ ಹೆಂಗಸರಲ್ಲಿ ಬಹುಪಾಲು ಮಂದಿಗೆ ಗೊತ್ತಿರುತ್ತದೆ. ಅಡುಗೆಮನೆಯಲ್ಲಿ ನಡೆಯುವ ಪಿಸುಮಾತು ಅವರಿಗೂ ಕೇಳಿಸುತ್ತದೆ. ಮನೆಯವರು ತನ್ನ ಮುಂದೆ ನಗುತ್ತಿದ್ದಾರೆಂದು ತಾನೂ ನಗುತ್ತಾರೆ. ಹೀಗೆ ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ.

ಬಲವಂತವಾಗಿ ಎಲ್ಲವನ್ನೂ ಹೇಳಬೇಕಿಲ್ಲ. "ನಿಮಗೆ ಎಷ್ಟು ತಿಳಿಯಬೇಕು?" ಎಂದು ಕೇಳಿ, ಕೇಳಿದಷ್ಟನ್ನು ನಿಜವಾಗಿ ಹೇಳಿ. ತಿಳಿದವರಿಗೆ ಸಾಲ ತೀರಿಸಲು, ವಸಿಯ್ಯತ್ ಬರೆಯಲು, ಯಾರಲ್ಲಾದರೂ ಕ್ಷಮೆ ಕೇಳಲು, ಉಮ್ರಾದ ಆಸೆಯಿದ್ದರೆ ಶಕ್ತಿಯಿರುವಾಗ ಹೋಗಿಬರಲು ಅವಕಾಶ ಸಿಗುತ್ತದೆ. ಈ ಹಕ್ಕು ಆ ರೋಗಿಯದು. ಅದನ್ನು ನಾವು ಕಸಿದುಕೊಳ್ಳಬಾರದು.

ನನ್ನ ಮಗಳಿಗೆ ಹನ್ನೆರಡು ವರ್ಷ. ನಾವು ಮೊದಲು ಅವಳಿಂದ ಮುಚ್ಚಿಟ್ಟೆವು. ಒಂದು ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ಅಮ್ಮಿ, ನಿಮ್ಮ ಬೆನ್ನಿನಲ್ಲಿರುವುದು ಹೋಗುತ್ತದಾ?" ಎಂದಳು. "ಪೂರ್ತಿ ಹೋಗುವುದಿಲ್ಲ ಬೇಟಿ. ಡಾಕ್ಟರ್ ಅದನ್ನು ಮಲಗಿಸಿಡುತ್ತಿದ್ದಾರೆ. ಅದು ಏಳದಿರಲಿ ಅಂತ ನಾವು ದುಆ ಮಾಡೋಣ" ಎಂದೆ. ಅವಳು ಸ್ವಲ್ಪ ಹೊತ್ತು ಅತ್ತು, ನಿದ್ದೆಹೋದಳು. ಮರುದಿನದಿಂದ ನನ್ನ 21 ದಿನದ ಮಾತ್ರೆಗಳ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ಅವಳೇ.

ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಹೋದಾಗ ಸ್ವಲ್ಪ ಹೊತ್ತು ಕೂತು, ದುಆ ಮಾಡಿ ಬನ್ನಿ. ನೆಗಡಿ, ಜ್ವರವಿದ್ದರೆ ಹೋಗಬೇಡಿ, ಫೋನ್ ಮಾಡಿ. "ಯಾರ ದೃಷ್ಟಿ ತಾಗಿತೋ", "ನಮ್ಮ ಊರಲ್ಲೊಬ್ಬರಿಗೆ ಹೀಗೇ ಆಗಿ ಹೋಗಿಬಿಟ್ಟರು" ಎಂಬ ಮಾತು ಬೇಡ. ಒಂದು ಹೊತ್ತಿನ ಅಡುಗೆ ಕಳಿಸಿ, ಮಕ್ಕಳನ್ನು ಮದ್ರಸಕ್ಕೆ ಬಿಟ್ಟುಬನ್ನಿ, ಸ್ಕ್ಯಾನ್ ದಿನ ಜೊತೆಗೆ ಹೋಗಿ. ರೋಗಿಗೆ ಬೇಕಾದದ್ದು ಅದು.

ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ನನ್ನದೂ ನಿಮ್ಮದೂ. ಎಷ್ಟು ದಿನ ಎಂಬುದನ್ನು ಅವನಿಗೆ ಬಿಟ್ಟು, ಇರುವ ದಿನಗಳಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ನಿಮ್ಮ ಖಾಲಾಗೆ ಮೂಳೆಗೆ ಹೋಗಿದೆ ಎಂದು ವೈದ್ಯರು ಹೇಳಿದ್ದರೆ ಅವರನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ನನ್ನ ಬಳಿಗೆ ಕರೆತರಬೇಡಿ. ಅವರ ಕೈಹಿಡಿದು ಆಸ್ಪತ್ರೆಗೇ ಹೋಗಿ. ಆಮೇಲೆ ನನ್ನ ಬಳಿಗೂ ಬನ್ನಿ. ತಲ್ಬೀನ ಮಾಡುವುದನ್ನು ಹೇಳಿಕೊಡುತ್ತೇನೆ, ಸ್ವಲ್ಪ ಹೊತ್ತು ಜೊತೆಗೆ ಕೂತು ಮಾತಾಡೋಣ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಅವರನ್ನು ನೋಡಿಕೊಳ್ಳುವವರಿಗೆ ಬಲ ಕೊಡಲಿ. ಆಮೀನ್.